ಎಷ್ಟು ಜನ ಎಚ್ಚರವಿರಬೇಕು

ನವೆಂಬರ್ 5, ಬುಧವಾರ

ಇವತ್ತು ಮೂರು ಸವಾಲುಗಳ ವಿವರಣೆ ತಿದ್ದಿ ಮೈಸೂರಿಗೆ ಕಳಿಸಿದೆ. ಮೂರರಲ್ಲೂ ಲೋಪವಿತ್ತು, ಮೂರನ್ನೂ ಹಿಡಿದೆ. ಒಂದರಲ್ಲಿ ‘ಮೂರನೆಯ ಮರಕ್ಕೂ ಏಳನೆಯ ಮರಕ್ಕೂ ನಡುವೆ ಬರುವ ಹಣ್ಣುಗಳನ್ನು ಕೂಡಿಸಿ’ ಎಂದಿತ್ತು. ತುದಿಯ ಎರಡು ಮರಗಳು ಲೆಕ್ಕಕ್ಕೆ ಬರುತ್ತವೋ ಇಲ್ಲವೋ ಹೇಳಿರಲಿಲ್ಲ. ಇನ್ನೊಂದರ ವಿವರಣೆಯಲ್ಲಿ ‘ಮಂದೆಯಲ್ಲಿ ಒಂದಾದರೂ ಕುರಿ ಇರುತ್ತದೆ’ ಎಂದು ಮಾತು ಕೊಟ್ಟು, ಮಕ್ಕಳ ಪ್ರೋಗ್ರಾಮನ್ನು ಪರೀಕ್ಷಿಸುವ ಟೆಸ್ಟ್ ಕೇಸಿನಲ್ಲಿ ಕುರಿಯೇ ಇಲ್ಲದ ಮಂದೆಯನ್ನು ಇಟ್ಟಿದ್ದರು. ಟೆಸ್ಟ್ ಕೇಸ್ ಬರೆಯುವ ಉಮಾಶಂಕರ್ ಸರ್ ‘ಒಳ್ಳೇ ಕಣ್ಣು ಮೇಡಂ ನಿಮ್ಮದು’ ಎಂದು ಬರೆದರು. ಕನ್ನಡ ಎಂ.ಎ. ಮಾಡಿದವಳಿಗೆ ಪ್ರೋಗ್ರಾಮಿಂಗಿನಲ್ಲಿ ಏನು ಕೆಲಸ ಎಂದು ಕೇಳಿದವರಿಗೆಲ್ಲ ಇದನ್ನು ತೋರಿಸಬೇಕು ಅನ್ನಿಸಿತು. ತೋರಿಸುವುದಿಲ್ಲ, ಅದು ಬೇರೆ ಮಾತು.

ಅಮ್ಮ ಹುರುಳಿ ಕೇರುತ್ತಾ ಕೇಳಿದರು: “ಅದೇನವ್ವ ನೀನು ದಿನಾ ಕುಂತ್ಕಂಡು ಮಾಡದು?”

“ಹಳ್ಳಿ ಮಕ್ಕಳಿಗೆ ಕಂಪ್ಯೂಟರಿನ ಸ್ಪರ್ಧೆ ಇಡ್ತಾರಮ್ಮ. ಮಕ್ಕಳು ಬರೆದ ಪ್ರೋಗ್ರಾಮಿಗೆ ಯಂತ್ರ ಒಂದಷ್ಟು ಅಂಕಿ ಕೊಡುತ್ತೆ. ಬಂದ ಉತ್ತರ, ನಾವು ಮೊದಲೇ ಬರೆದಿಟ್ಟ ಉತ್ತರಕ್ಕೆ ಸರಿಹೊಂದಿದರೆ ಹಸಿರು, ಇಲ್ಲದಿದ್ದರೆ ಕೆಂಪು. ಪ್ರಶ್ನೆ ಸರಿಯಾಗಿದೆಯಾ ಅಂತ ನಾನು ನೋಡ್ತೀನಿ.”

“ಉತ್ತರ ನೋಡೋ ಮೇಷ್ಟ್ರನ್ನ ಕಂಡಿವ್ನಿ. ಪ್ರಶ್ನೆ ನೋಡೋಕೂ ಸಂಬಳ ಕೊಟ್ಟಾರಾ?”

“ಕೊಡ್ತಾರೆ.”

“ಬುಡು, ನಿಮ್ಮಪ್ಪನ್ಗಿಂತ ವಾಸಿ. ಅವ್ರು ಪ್ರಶ್ನೇನೂ ಕೇಳಲ್ಲ, ಉತ್ತರಾನೂ ಕೊಡಲ್ಲ.”

ಸಂಜೆಯ ಮೀಟಿಂಗಿನಲ್ಲಿ ಎಂದಿನಂತೆ ಮೈಕ್ ಆಫ್ ಇಟ್ಟು, ಹೇಳಬೇಕಾದ್ದನ್ನು ಬರೆದು ಹೇಳಿದೆ. ‘ಕಾಡೂರು, ನೆಟ್ ಸರಿಯಿಲ್ಲ’ ಎಂದರೆ ಎಲ್ಲರೂ ನಂಬುತ್ತಾರೆ. ಕೊಟ್ಟಿಗೆಯ ಪಕ್ಕದ ಕಲ್ಲಿನ ಮೇಲೆ ಕೂತರೆ ನೆಟ್ ಚೆನ್ನಾಗಿಯೇ ಸಿಗುತ್ತದೆ.

ಇಬ್ಬರಿಗೆ ಬುತ್ತಿ ಕಟ್ಟಿಕೊಟ್ಟೆ. ಕೂಲಿಯಾಳು ಬೊಮ್ಮ ಬಂದು ಅಂಗಳದಲ್ಲಿ ನಿಂತಿದ್ದ, ಅವನ ಕೈಗೇ ಕೊಟ್ಟೆ. ಕತ್ತಲಾಗುತ್ತಲೇ, ಆನೆ ಹಂದಿ ಕಾಯಲು ಹೊಲಗಳಲ್ಲಿ ಎತ್ತರಕ್ಕೆ ಕಟ್ಟಿದ ಅಟ್ಟಣೆಯಿಂದ ಅಟ್ಟಣೆಗೆ ಕೂಗು ಶುರುವಾಯಿತು. ಒಂದು ಹೊಲದವರು ಕೂಗಿದರೆ ಪಕ್ಕದವರು ಓಗೊಡಬೇಕು, ಇಲ್ಲದಿದ್ದರೆ ಏನೋ ಆಗಿದೆ ಎಂದರ್ಥ. ಈ ತಿಗನಾರೆಯಲ್ಲೇ ಹುಟ್ಟಿಯೂ ನನಗೆ ಹಾಗೆ ಕೂಗಲು ಬರುವುದಿಲ್ಲ.

ತಾಳಮಲೆಯಿಂದ ಮಂಗಳಗೌರಿ ಅತ್ತೆ ಫೋನ್ ಮಾಡಿದರು. ಆನೆ ಕಾಲ ಮುಗಿಯುವ ತನಕ ದಿನವೂ ಮಾಡುತ್ತಾರೆ.

“ಒಲದಲ್ಲಿ ಯಾರವ್ವ ಇವತ್ತು?”

“ಅಪ್ಪ” ಅಂದೆ.

ನವೆಂಬರ್ 11, ಮಂಗಳವಾರ

ನಮ್ಮ ಸಂಸ್ಥೆ ‘ಒಗಟುಮನೆ’ ನಡೆಸುವ ಮಹದೇವಪ್ರಸಾದ್ ಸರ್ ಹೇಳಿದರು: “ಎಲ್ಲ ಸವಾಲೂ ಬಸ್ಸು, ಅಂಗಡಿ, ಕ್ರಿಕೆಟ್ಟು. ಶೈಲಶ್ರೀ ಅವರೇ, ನಿಮ್ಮ ಕಡೆಯದೊಂದು ನೀವೇ ಬರೀರಿ.”

ಮಧ್ಯಾಹ್ನದೊಳಗೆ ಬರೆದೆ. ಇಲ್ಲಿಯವರೆಗೆ ನಾನು ಬರೆದದ್ದರಲ್ಲಿ ಇದೇ ಚೆಂದ ಅನ್ನಿಸಿದ್ದರಿಂದ ಇಲ್ಲೂ ಬರೆದಿಡುತ್ತೇನೆ:

‘ಕಾಡಂಚಿನಲ್ಲಿ ಒಂದೇ ಸಾಲಿಗೆ ಕೆಲವು ಹೊಲಗಳಿವೆ. ಪ್ರತಿ ಹೊಲದಲ್ಲೂ ಒಂದು ಅಟ್ಟಣೆ ಇದೆ. ಒಂದು ಅಟ್ಟಣೆಯಲ್ಲಿ ಕಾವಲಿದ್ದರೆ ಆ ಹೊಲವನ್ನೂ ಅದರ ಎಡಬಲದ ಹೊಲಗಳನ್ನೂ ಕಾಯಬಹುದು. ಪೈರು ನಿಂತ ಹೊಲಕ್ಕೆ 1, ಕೊಯ್ದಾದ ಹೊಲಕ್ಕೆ 0. ಪೈರೆಲ್ಲ ಉಳಿಯಬೇಕಾದರೆ ಇಂದು ರಾತ್ರಿ ಕನಿಷ್ಠ ಎಷ್ಟು ಜನ ಎಚ್ಚರವಿರಬೇಕು?’

ಉಮಾಶಂಕರ್ ಸರ್ ಟೆಸ್ಟ್ ಕೇಸ್ ಕಳಿಸಿದರು. ಮೂರು ಹೊಲದಲ್ಲೂ ಪೈರಿದ್ದರೆ ಉತ್ತರ ಒಂದು. ನಡುವಿನ ಅಟ್ಟಣೆಯಲ್ಲಿ ಕೂತರೆ ಮೂರೂ ಹೊಲ ಕಾಣುತ್ತವೆ. ನಾನು ಒಂದೊಂದನ್ನೂ ಕಾಗದದ ಮೇಲೆ ಹೊಲ ಬರೆದು ನೋಡಿ ‘ಎಲ್ಲ ಸರಿ’ ಎಂದು ಒಪ್ಪಿದೆ.

ಸಂಜೆ ಪರಿಮಳ ಬಂದಳು. ನಮ್ಮಲ್ಲಿ ಕೂಲಿಗೆ ಬರುವ ಕರಿಯಮ್ಮ ಮತ್ತು ಬೊಮ್ಮನ ಮಗಳು, ತಾಳವಾಡಿಯ ಶಾಲೆಯಲ್ಲಿ ಪ್ಲಸ್ ಒನ್, ಅಂದರೆ ಹನ್ನೊಂದನೆಯ ತರಗತಿ. ವಾರಕ್ಕೆರಡು ಸಲ ನನ್ನ ಲ್ಯಾಪ್‌ಟಾಪಿನಲ್ಲಿ ಹಳೆಯ ಸವಾಲುಗಳನ್ನು ಬಿಡಿಸುತ್ತಾಳೆ. ಹೊಸದನ್ನು ಅವಳಿಗೆ ತೋರಿಸುವಂತಿಲ್ಲ, ತೋರಿಸಲೂ ಇಲ್ಲ. ಈ ತಿಂಗಳ ಕೊನೆಯ ಸ್ಪರ್ಧೆಯಲ್ಲಿ ಮುಂದೆ ಬಂದವರಿಗೆ ರಜೆಯಲ್ಲಿ ಮೈಸೂರಿನಲ್ಲಿ ಶಿಬಿರ. ಶಿಬಿರ ಮುಗಿಸಿದವರ ಕಾಲೇಜಿನ ಓದನ್ನು ಒಗಟುಮನೆಯೇ ನೋಡಿಕೊಳ್ಳುತ್ತದೆ. ಇಲ್ಲದಿದ್ದರೆ ಪ್ಲಸ್ ಟೂ ಆದ ಮೇಲೆ ಪರಿಮಳ ತಿರುಪ್ಪೂರಿನಲ್ಲಿರುವ ಚಿಕ್ಕಮ್ಮನ ಜೊತೆ ಬನಿಯನ್ ಕಂಪನಿಗೆ ಹೋಗಬೇಕು. ಕರಿಯಮ್ಮ ಅದನ್ನು ಗುಟ್ಟೇನೂ ಮಾಡುವುದಿಲ್ಲ.

“ಕ್ಯಾಂಪು ಸಿಕ್ದ್ರ ಓದ್ಲಿ ಅಮ್ಮಣ್ಣಿ. ಇಲ್ದಿದ್ರ ಕಂಪ್ನಿ ಅದ. ಮೂರ್ನೇ ದಾರಿ ಎಲ್ಲದ, ನೀವೇ ಯೋಳಿ.”

ನವೆಂಬರ್ 18, ಮಂಗಳವಾರ

ಹೊಲದ ಸವಾಲಿನ ಕೆಳಗೆ ಮಕ್ಕಳಿಗೆ ಉದಾಹರಣೆಯಾಗಿ ತೋರಿಸುವ ಮಾದರಿಯನ್ನು ಉಮಾಶಂಕರ್ ಸರ್ ಬದಲಿಸಿದ್ದಾರೆ. ಮೂರು ಹೊಲದ ಮಾದರಿ ನೋಡಿದರೆ ಮಕ್ಕಳಿಗೆ ಬಿಡಿಸುವ ದಾರಿಯೇ ಗೊತ್ತಾಗಿಬಿಡುತ್ತದಂತೆ. ಅದರ ಬದಲು ಎಲ್ಲ ಹೊಲವೂ ಕೊಯ್ದಾದ ಮಾದರಿ ಇಟ್ಟಿದ್ದಾರೆ. ಉತ್ತರ ಸೊನ್ನೆ. ಸ್ವಲ್ಪ ಬೋಳಾಗಿ ಕಂಡಿತು. ಆದರೂ ‘ಸರಿ ಸರ್’ ಎಂದು ಬರೆದೆ.

ಅಪ್ಪನಿಗೆ ಕೆಮ್ಮು. ಕಾವಲಿಗೆ ಹೋಗಬೇಡಿ ಎಂದರೂ ಕೇಳಲಿಲ್ಲ.

ನವೆಂಬರ್ 30, ಭಾನುವಾರ

ಸ್ಪರ್ಧೆ ಮುಗಿಯಿತು. ವಿವರಣೆ ಅರ್ಥವಾಗಲಿಲ್ಲ ಎಂಬ ಒಂದು ದೂರೂ ಬಂದಿಲ್ಲ. ಹೋದ ಸಲ ದೂರುಗಳಿಗೆ ಉತ್ತರ ಬರೆದೇ ಸಂಜೆಯಾಗಿತ್ತಂತೆ. ಮಹದೇವಪ್ರಸಾದ್ ಸರ್ ಗುಂಪಿನಲ್ಲಿ ನನ್ನ ಹೆಸರು ಹಾಕಿ ಹೊಗಳಿದರು. ಅಮ್ಮನಿಗೆ ಓದಿ ಹೇಳಿದೆ. ಪಾಯಸ ಮಾಡಿದರು.

ಡಿಸೆಂಬರ್ 1, ಸೋಮವಾರ

ಪರಿಮಳ ಶಾಲೆ ಬಿಟ್ಟು ನೇರ ಇಲ್ಲಿಗೇ ಬಂದಳು. ಕರಿಯಮ್ಮ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು.

“ಎಂಗಾಯ್ತು?” ಅಂದೆ.

“ಮಿಕ್ಕಿದ್ದೆಲ್ಲಾ ಆಯ್ತಕ್ಕ. ಒಲದ್ದು ಮಾತ್ರ ಓಯ್ತು. ಮುಗಿದ್ಮೇಲೆ ನೋಡಿದ್ರೆ ಮೊದಲ್ನೇದು ಹಸ್ರು, ಆಮೇಲೆಲ್ಲಾ ಕೆಂಪು.”

ಹೆಚ್ಚು ಅಂಕ ಇದ್ದದ್ದೇ ಅದಕ್ಕೆ. ಅದು ಹೋದರೆ ಶಿಬಿರ ಇಲ್ಲ. ಅವಳ ಪ್ರೋಗ್ರಾಮು ತೆಗೆಸಿ ನೋಡಿದೆ. ಎಡದಿಂದ ಹೊರಟು, ಪೈರಿರುವ ಮೊದಲ ಹೊಲ ಸಿಕ್ಕಾಗ ಅದರ ಮುಂದಿನ ಅಟ್ಟಣೆಯಲ್ಲಿ ಕಾವಲಿಟ್ಟಿದ್ದಳು. ದಾರಿ ಸರಿಯಾಗಿಯೇ ಇತ್ತು. ಆದರೆ ಕೊನೆಯಲ್ಲಿ ಎರಡರಿಂದ ಗುಣಿಸಿದ್ದಳು.

“ಇದ್ಯಾಕೆ ಎರಡರಿಂದ?”

“ಅಟ್ಟಣೆಗೆ ಇಬ್ರಲ್ವಾ ಅಕ್ಕ.”

“ಒಬ್ಬರು ಪರಿಮಳ.”

ಅವಳು ನಾನು ತಮಾಷೆ ಮಾಡುತ್ತಿದ್ದೇನೋ ಎಂದು ನೋಡಿದಳು. “ಒಬ್ರೇ ಎಂಗೆ ಕಾಯ್ತಾರಕ್ಕ? ಒಬ್ರು ಟಾರ್ಚ್ ಬುಟ್ರೆ ಇನ್ನೊಬ್ರು ಪಟಾಕಿ ಅಚ್ಚಬೇಕು.” ಆಮೇಲೆ ದನಿ ತಗ್ಗಿಸಿ, “ನಮ್ಮಪ್ಪ ದಿನಾ ನಿಮ್ ಒಲಕ್ಕೇ ಅಲ್ವಾ ಬರದು” ಎಂದಳು.

“ಸುಮ್ಕಿರಮ್ಮಿ” ಎಂದಳು ಕರಿಯಮ್ಮ ಜಗಲಿಯಿಂದ. “ಅಮ್ಮಣ್ಣಿಯೋರು ಬರ್ದಿರದು ಸರಿಯಾಗೇ ಇರ್ತದ.”

ಲ್ಯಾಪ್‌ಟಾಪು ಮುಚ್ಚಿ ಎದ್ದೆ.

ಬುತ್ತಿ ಕಟ್ಟಿದೆ.

ಡಿಸೆಂಬರ್ 2, ಮಂಗಳವಾರ

ಬೆಳಿಗ್ಗೆ ಅಪ್ಪ ಹೊಲದಿಂದ ಬಂದು ಕಾಫಿ ಕುಡಿಯುವಾಗ ಕೇಳಿದೆ: “ಅಪ್ಪ, ನಮ್ಮ ಹೊಲ ರಾತ್ರಿ ಎಷ್ಟು ಜನ ಕಾಯ್ತೀರಿ?”

“ನಾನೇ ಕಣವ್ವ. ಇನ್ಯಾರು ಕಾದಾರು?”

“ಬೊಮ್ಮ?”

“ಅವ ಇರ್ತಾನ.”

“ಅಂದ್ರೆ ಇಬ್ಬರು.”

ಅಪ್ಪ ಲೋಟ ಕೆಳಗಿಟ್ಟರು. “ಅವನಿಲ್ದೆ ಒಬ್ನೇ ಎಂಗವ್ವ ಕುಂತ್ಕಳ್ಳಿ? ಆನ ಬಂದ್ರ?”

ಅಮ್ಮ ಒಲೆಯ ಮುಂದಿನಿಂದಲೇ ಹೇಳಿದರು: “ಲೆಕ್ಕ ಬೇಕಾ ನಿಂಗ? ಅಟ್ಟಣ ಮ್ಯಾಲ ಇರೋರು ಇಬ್ರು. ಎಚ್ಚರಾಗಿರೋನು ಬೊಮ್ಮ ಒಬ್ನೇ. ನಿಮ್ಮಪ್ಪ ಮಲ್ಗಿದ್ರ ಆನ ಬಂದು ಒದ್ರೂ ಏಳಲ್ಲ.”

“ಏಯ್, ನೀನ್ ಬಂದು ನೋಡಿದ್ದಿಯಾ?” ಎಂದರು ಅಪ್ಪ.

“ಮೂವತ್ತೊರ್ಸದಿಂದ ನೋಡ್ತಾವ್ನಿ, ಮನೇಲಿ.”

ನಗು ಬಂತು. ಆದರೆ ನಾನು ಬರೆದ ಪ್ರಶ್ನೆ ಅದೇ ಆಗಿತ್ತು, ಎಷ್ಟು ಜನ ಎಚ್ಚರವಿರಬೇಕು ಎಂದು. ಚಿಕ್ಕಂದಿನಿಂದ ನೋಡಿದ್ದೇನೆ, ಕತ್ತಲಾಗುವ ಹೊತ್ತಿಗೆ ಅಂಗಳದಿಂದ ಇಬ್ಬರು ಹೊರಡುತ್ತಾರೆ, ಬೆಳಿಗ್ಗೆ ಇಬ್ಬರು ಬರುತ್ತಾರೆ. ಬುತ್ತಿ ಕಟ್ಟುವವಳು ನಾನೇ. ತುದಿಯ ಎರಡು ಮರಗಳು ಸೇರುತ್ತವೋ ಇಲ್ಲವೋ ಎಂದು ಮೈಸೂರಿನವರನ್ನು ಕೇಳಿದವಳು.

ಮಧ್ಯಾಹ್ನ ನಮ್ಮ ಬೆಟ್ಟದ ಶಾಲೆಗಳ ಮಕ್ಕಳ ಉತ್ತರಗಳನ್ನೆಲ್ಲ ತೆಗೆದು ಓದಿದೆ. ಅರ್ಧದಷ್ಟು ಮಕ್ಕಳು ಎರಡರಿಂದ ಗುಣಿಸಿದ್ದಾರೆ. ಹೆಸರುಗಳನ್ನು ನೋಡುತ್ತಾ ಹೋದೆ. ಇಲ್ಲಿನವಳಾದ್ದರಿಂದ ಯಾವ ಹೆಸರು ಯಾವ ಮನೆಯದೆಂದು ಬಲ್ಲೆ. ಹೊಲ ಇರುವ ಮನೆಗಳ ಮಕ್ಕಳು ಒಂದು ಎಂದಿದ್ದಾರೆ. ಆ ಹೊಲಗಳಿಗೆ ಕಾವಲಿಗೆ ಹೋಗುವವರ ಮಕ್ಕಳು ಎರಡು ಎಂದಿದ್ದಾರೆ. ಒಂದೇ ತರಗತಿ, ಒಂದೇ ಬೆಂಚು ಇರಬಹುದು.

ಡಿಸೆಂಬರ್ 3, ಬುಧವಾರ

ಉಮಾಶಂಕರ್ ಸರ್‌ಗೆ ಎಲ್ಲವನ್ನೂ ವಿವರವಾಗಿ ಬರೆದೆ. ಉತ್ತರ ಸಣ್ಣದು: ‘ಬೇರೆ ಕಡೆಯ ಮಕ್ಕಳಿಗೆಲ್ಲ ಅರ್ಥವಾಗಿದೆಯಲ್ಲ ಮೇಡಂ. ನಾಳೆ ಮೀಟಿಂಗಿನಲ್ಲಿ ನೋಡೋಣ.’ ಫಲಿತಾಂಶ ಸೋಮವಾರ.

ನಾಳೆಗೆ ಹೇಳಬೇಕಾದ್ದನ್ನು ಬರೆದಿಟ್ಟುಕೊಂಡಿದ್ದೇನೆ. ಓದಿ ನೋಡಿದೆ, ಚೆನ್ನಾಗಿಯೇ ಇದೆ. ಅಂಟಿಸಿ ಕಳಿಸಿಬಿಟ್ಟರೆ ಸಾಕು.

ಡಿಸೆಂಬರ್ 4, ಗುರುವಾರ

ಅಂಟಿಸಿ ಕಳಿಸಿದೆ. ಉದ್ದವಾಗಿತ್ತು, ಯಾರೂ ಪೂರ್ತಿ ಓದಲಿಲ್ಲ ಅನ್ನಿಸುತ್ತದೆ. ಉಮಾಶಂಕರ್ ಸರ್ “ನೋಡಿದೆ ಮೇಡಂ, ಮುಂದಿನ ಸಲಕ್ಕೆ ಗಮನಿಸೋಣ. ಈಗ ಶಿಬಿರದ ಊಟದ ವಿಷಯ” ಎಂದು ಮುಂದಕ್ಕೆ ಹೊರಟರು. ಬರೆಯುತ್ತಾ ಕೂತರೆ ಊಟದ ವಿಷಯವೂ ಮುಗಿದು ಮೀಟಿಂಗೇ ಮುಗಿಯುತ್ತಿತ್ತು. ಮೈಕ್ ಆನ್ ಮಾಡಿದೆ.

“ಸರ್, ಮುಂದಿನ ಸಲಕ್ಕಲ್ಲ, ಇದೇ ಸಲಕ್ಕೆ.”

“ಯಾರಿದು?” ಎಂದರು ಮಹದೇವಪ್ರಸಾದ್ ಸರ್.

“ಶೈಲಶ್ರೀ, ಸರ್.”

“ಮೇಡಂ,” ಎಂದರು ಉಮಾಶಂಕರ್ ಸರ್, “ವಿವರಣೆ ನಿಮ್ಮದು. ಉತ್ತರ ಸರಿ ಅಂತ ಒಪ್ಪಿದ್ದೂ ನೀವೇ. ಈಗ ನಿಮ್ಮೂರಿನ ಮಕ್ಕಳಿಗೆ ಬರಲಿಲ್ಲ ಅಂತ ಉತ್ತರ ಬದಲಿಸಿದರೆ ಹೇಗೆ?”

“ನಮ್ಮೂರಿನ ಅರ್ಧ ಮಕ್ಕಳು ನಿಮ್ಮ ಉತ್ತರವನ್ನೇ ಬರೆದಿದ್ದಾರೆ ಸರ್. ಹೊಲ ಇರುವ ಮನೆಯವರು. ಕಾವಲಿಗೆ ಹೋಗುವವರ ಮಕ್ಕಳು ಇಬ್ಬರು ಅಂದಿದ್ದಾರೆ. ನಾನು ಹೊಲ ಇರುವ ಮನೆಯವಳು, ಅದಕ್ಕೇ ನಿಮ್ಮ ಉತ್ತರ ನನಗೆ ಸರಿಯಾಗಿ ಕಂಡಿತು. ಅಟ್ಟಣೆಗೆ ಒಬ್ಬರೋ ಇಬ್ಬರೋ ಅಂತ ನನ್ನ ವಿವರಣೆಯಲ್ಲಿ ಎಲ್ಲಿದೆ? ದಯವಿಟ್ಟು ಗಟ್ಟಿಯಾಗಿ ಓದಿ.”

ಅವರು ಓದಿದರು. ಮೊದಲಿನಿಂದ ಕೊನೆಯವರೆಗೆ ಓದಿ, ಮತ್ತೆ ಮನಸ್ಸಿನಲ್ಲೇ ಓದಿಕೊಂಡರೆಂದು ಕಾಣುತ್ತದೆ.

“ಇಲ್ಲ,” ಎಂದರು. “ಹೇಳಿಲ್ಲ.” ಆಮೇಲೆ, “ಮೊದಲಿನ ಮಾದರಿ ಇದ್ದಿದ್ದರೆ ಗೊತ್ತಾಗ್ತಿತ್ತು. ಅದನ್ನು ತೆಗೆದವನು ನಾನು. ಸೊನ್ನೆಯನ್ನ ಎರಡರಿಂದ ಗುಣಿಸಿದರೂ ಸೊನ್ನೆಯೇ” ಎಂದರು. ಒಳ್ಳೆಯ ಮನುಷ್ಯ.

ಮಹದೇವಪ್ರಸಾದ್ ಸರ್ ಕೇಳಿದರು: “ಅಲ್ಲಿನ ಪದ್ಧತಿ ಇಬ್ಬರು ಅಂದಮೇಲೆ, ಉತ್ತರಗಳನ್ನೆಲ್ಲ ಎರಡರಿಂದ ಗುಣಿಸಿಬಿಡೋಣವಾ?”

ಪರಿಮಳಳಿಗೆ ಅದೇ ಅನುಕೂಲ. ಹೂಂ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

“ಬೇಡ ಸರ್. ಅಟ್ಟಣೆಯನ್ನೇ ನೋಡದ ಮಕ್ಕಳಿಗೆ ಇಬ್ಬರು ಅಂತ ಗೊತ್ತಾಗೋದು ಹೇಗೆ? ಈಗ ಇವರಿಗೆ ಆದ ಅನ್ಯಾಯ ಆಗ ಅವರಿಗೆ ಆಗುತ್ತೆ. ಎರಡನ್ನೂ ಒಪ್ಪಬೇಕು. ಆದರೆ ಒಂದು ಪ್ರೋಗ್ರಾಮು ಮೊದಲಿಂದ ಕೊನೆಯವರೆಗೆ ಒಂದೇ ಲೆಕ್ಕ ಹಿಡಿದಿರಬೇಕು. ಒಂದು ಕಡೆ ಒಬ್ಬರು, ಇನ್ನೊಂದು ಕಡೆ ಇಬ್ಬರು ಅಂದರೆ ಕೆಂಪು.”

“ಅದು ಮಾಡಬಹುದು,” ಎಂದರು ಉಮಾಶಂಕರ್ ಸರ್. “ಎರಡು ಸಾಲು ಉತ್ತರ ಇಟ್ಟು, ಯಾವುದಕ್ಕೆ ಹೊಂದುತ್ತೋ ನೋಡೋದು. ಶನಿವಾರದೊಳಗೆ ಎಲ್ಲರದೂ ಮತ್ತೆ ಓಡಿಸ್ತೀನಿ.”

ಅಷ್ಟರಲ್ಲಿ ಅಪ್ಪ ದೊಣ್ಣೆ ಹಿಡಿದು, ಹಿಂದೆ ಬೊಮ್ಮಣ್ಣ ಬಡಿಯುವ ಡಬ್ಬ ಹಿಡಿದು, ಕೊಟ್ಟಿಗೆ ಹತ್ತಿರ ಓಡಿಬಂದರು.

“ಏನವ್ವ, ಅಂದಿ ನುಗ್ತಾ? ಒಲದ್‌ಗಂಟ ಕೇಳ್ತು ನಿನ್ ಕೂಗು.”

“ಮೀಟಿಂಗ್ ಅಪ್ಪ.”

“ಮೀಟಿಂಗಾ?” ಅಪ್ಪ ದೊಣ್ಣೆ ಇಳಿಸಿದರು. “ಲಾ ಬೊಮ್ಮ, ಮೀಟಿಂಗಂತ ಕಣ್ಲಾ.”

“ನಾನ್ ಆಗ್ಲೇ ಅಂದೆ ಬುದ್ದಿ,” ಎಂದರು ಬೊಮ್ಮಣ್ಣ, “ಅಂದಿಗಾದ್ರೆ ಅಷ್ಟೊತ್ತು ಮಾತಾಡಲ್ಲ ಅಂತ.”

ಮೈಕ್ ಆನ್ ಇತ್ತು. ಮೈಸೂರಿನಲ್ಲಿ ಯಾರೋ ನಕ್ಕರು. ಗಾಳಿ ಇತ್ತು, ಅದಕ್ಕೆ ಸ್ವಲ್ಪ ಜೋರಾಗಿ ಮಾತಾಡಿರಬೇಕು.

ಡಿಸೆಂಬರ್ 8, ಸೋಮವಾರ

ಫಲಿತಾಂಶ ಬಂತು. ಪಟ್ಟಿಯಲ್ಲಿ ಪರಿಮಳ ಇದ್ದಾಳೆ, ಕೆಳಗಿನಿಂದ ಹುಡುಕಿದರೆ ಬೇಗ ಸಿಗುತ್ತಾಳೆ. ನಮ್ಮ ಬೆಟ್ಟದಿಂದ ಇನ್ನೂ ಕೆಲವರಿದ್ದಾರೆ. ಒಂದು ಎಂದವರೂ ಇದ್ದಾರೆ, ಎರಡು ಎಂದವರೂ ಇದ್ದಾರೆ.

ಹೊಲದ ಸವಾಲಿನಲ್ಲಿ ಅವಳದೊಂದು ಟೆಸ್ಟ್ ಕೇಸ್ ಇನ್ನೂ ಕೆಂಪು. ಎರಡು ಸಾಲಿನ ಉತ್ತರಕ್ಕೂ ಹೊಂದುವುದಿಲ್ಲ. ಇಬ್ಬರೂ ಕೂತು ನೋಡಿದೆವು. ಸಾಲಿನ ಕೊನೆಯ ಹೊಲದಲ್ಲಿ ಮಾತ್ರ ಪೈರಿದ್ದರೆ ಅವಳ ಪ್ರೋಗ್ರಾಮು ಅದನ್ನು ನೋಡುವುದೇ ಇಲ್ಲ, ಅದರ ಹಿಂದಿನ ಹೊಲಕ್ಕೇ ನಿಂತುಬಿಡುತ್ತದೆ.

“ಇದು ನಂದೇ ತಪ್ಪಕ್ಕ,” ಎಂದು ಪರಿಮಳ ನಾಲಿಗೆ ಕಚ್ಚಿಕೊಂಡಳು. “ಕೊನೇ ಒಲಾನ ಎಣಿಸ್ಲೇ ಇಲ್ಲ.”

“ಆನೆ ಮೊದಲು ಬರೋದೇ ಅಲ್ಲಿಗೆ.”

“ಅದ್ಕೇ ಅಲ್ವಾ ಕೆಂಪಾಗದು.”

ಕರಿಯಮ್ಮ ಬಂದಿದ್ದರು. ಪಟ್ಟಿಯಲ್ಲಿ ಮಗಳ ಹೆಸರು ತೋರಿಸಿದೆ. ಸ್ಕ್ರೀನು ಮುಟ್ಟಲೋ ಬೇಡವೋ ಎಂದು ಬೆರಳು ಹತ್ತಿರ ತಂದು ಹಿಂದಕ್ಕೆ ತೆಗೆದುಕೊಂಡರು. “ಇದು ಅಳ್ಸೋಗಲ್ವಾ ಅಮ್ಮಣ್ಣಿ?” ಎಂದರು. ಅಳಿಸಿ ಹೋಗುವುದಿಲ್ಲ ಎಂದೆ.

“ಆಗಿದ್ರ ಕಂಪ್ನಿಯೋರ್ಗ ಬ್ಯಾಡ ಅಂತ ಯೋಳ್ಬುಡ್ತೀನಿ” ಎಂದು ಸೆರಗಿನಿಂದ ಮುಖ ಒರೆಸಿಕೊಂಡರು. ಜಗಲಿಯಿಂದ ಒಳಕ್ಕೆ ಕರೆದೆ. ಕಾಫಿ ಕುಡಿದು ಹೋದರು. ಅಮ್ಮ ಸಕ್ಕರೆ ಡಬ್ಬ ಮುಂದೆ ಇಟ್ಟರು.

ಹೊಲದ ಸವಾಲನ್ನು ಹಳೆಯ ಸವಾಲುಗಳ ಪಟ್ಟಿಗೆ ಸೇರಿಸುವ ಮೊದಲು ತಿದ್ದಿದೆ. ಒಂದೇ ಸಾಲು ಹೆಚ್ಚು: ‘ಪ್ರತಿ ಅಟ್ಟಣೆಯ ಕಾವಲಿಗೆ ಇಬ್ಬರು ಬೇಕು.’ ಮಾದರಿಯಾಗಿ ಮೂರು ಹೊಲ, ಉತ್ತರ ಎರಡು. ಟೆಸ್ಟ್ ಕೇಸಿನ ಉತ್ತರಗಳನ್ನೂ ನಾನೇ ಬದಲಿಸಿ, ಕೊನೆಯ ಹೊಲದ್ದು ಇನ್ನೊಂದು ಸೇರಿಸಿದೆ. ಉಮಾಶಂಕರ್ ಸರ್ ಫೋನ್ ಮಾಡಿ, ಇನ್ನು ಮುಂದೆ ಟೆಸ್ಟ್ ಕೇಸನ್ನೂ ಒಟ್ಟಿಗೇ ಬರೆಯೋಣ ಎಂದರು. ತುಂಬಾ ಹೊತ್ತು ಮಾತಾಡಿದೆವು.

ಡಿಸೆಂಬರ್ 21, ಭಾನುವಾರ

ಬೆಳಗಿನ ಬಸ್ಸಿಗೆ ಪರಿಮಳ ಹೊರಟಳು. ಜೊತೆಗೆ ಬೊಮ್ಮಣ್ಣ. ಹೊಲದಿಂದ ನೇರ ಬಂದು, ನಮ್ಮ ತೊಟ್ಟಿಯಲ್ಲೇ ಮುಖ ತೊಳೆದು, ಇಸ್ತ್ರಿ ಮಾಡಿದ ಶರಟು ಹಾಕಿಕೊಂಡರು. ಮೈಸೂರು ನೋಡಿದವರಲ್ಲ. ಎಲ್ಲಿ ಇಳಿಯಬೇಕು, ಯಾರನ್ನು ಕೇಳಬೇಕು ಎಂದು ಮೊದಲಿಂದ ಕೊನೆಯವರೆಗೆ ಬರೆದುಕೊಟ್ಟೆ. ಪರಿಮಳ ಓದಿ ನೋಡಿ, “ಅಕ್ಕ, ಬಸ್‌ಸ್ಟ್ಯಾಂಡಲ್ಲಿ ಇಳಿದು ಎಡಕ್ಕೆ ಅಂತ ಬರ್ದಿದ್ದೀರ. ಯಾವ ಕಡೆ ಮುಖ ಮಾಡಿದ್ರೆ ಎಡ?” ಎಂದಳು. ತಿದ್ದಿ ಕೊಟ್ಟೆ.

ಬೊಮ್ಮಣ್ಣ ಬರುವುದು ನಾಳೆ ಸಂಜೆಗೆ. ರಾಗಿ ಕೊಯ್ದು ಮೆದೆ ಹಾಕಿದ್ದಾಗಿದೆ, ಅವರೆ ಇನ್ನೂ ನಿಂತಿದೆ. ಬೇರೆ ಯಾರೂ ಸಿಗಲಿಲ್ಲ, ಎಲ್ಲರೂ ಅವರವರ ಕಾವಲಿನಲ್ಲಿದ್ದಾರೆ.

“ಇವತ್ತೊಂದಿನ ನಾನೊಬ್ನೇ ಇರ್ತೀನಿ ಬುಡು” ಎಂದರು ಅಪ್ಪ.

“ಒಬ್ರೇ ಎಂಗೆ ಕಾಯ್ತೀರಪ್ಪ?” ಎಂದು ಟಾರ್ಚಿಗೆ ಹೊಸ ಸೆಲ್ ಹಾಕಿದೆ, ಕಂಬಳಿ ತೆಗೆದೆ.

ಅಮ್ಮ ಸೌಟು ಹಿಡಿದು ಬಂದರು. “ಎಣ್ಮಗ ಅಟ್ಟಣೆಗೆ ಓಗದಾ? ಏನಂದಾರು ಊರೋರು? ನೀವಾರ ಯೋಳಿ.”

ಅಪ್ಪ ನನ್ನನ್ನು ನೋಡಿದರು, ಕಂಬಳಿಯನ್ನು ನೋಡಿದರು. “ಮೈಸೂರ್‌ಗಂಟ ಕೇಳುಸ್ದೋಳು ಪಕ್ಕದ ಒಲಕ್ಕ ಕೇಳುಸಲ್ವಾ?” ಎಂದರು. “ನಿದ್ದ ಮಾತ್ರ ಮಾಡ್ಬ್ಯಾಡ ಕಣವ್ವ.”

“ಯಾರು ಯಾರ್ಗ ಯೋಳದು” ಎಂದು ಅಮ್ಮ ಒಳಕ್ಕೆ ಹೋಗಿ, ಬುತ್ತಿಗೆ ಇನ್ನೊಂದು ಮುದ್ದೆ ಇಟ್ಟರು.

ಹೊರಡುವ ಹೊತ್ತಿಗೆ ಅತ್ತೆಯ ಫೋನು.

“ಒಲದಲ್ಲಿ ಯಾರವ್ವ ಇವತ್ತು?”

“ಇಬ್ರು ಅತ್ತೆ.”

“ಬೊಮ್ಮ ಮೈಸೂರ್ಗೋದ ಅಂದ್ರು. ಇನ್ನೊಬ್ರು ಯಾರು?”

ಅಪ್ಪ ಆಗಲೇ ಅಂಗಳ ದಾಟಿದ್ದರು. ಮೊದಲ ಕೂಗು ಯಾವುದೋ ಹೊಲದಿಂದ ಎದ್ದಿತ್ತು, ಓಗೊಡಬೇಕಾಗಿತ್ತು. ನಾಳೆ ಹೇಳ್ತೀನಿ ಎಂದು ಫೋನ್ ಇಟ್ಟೆ.